ಫ್ಲೈ ದಾರ ಕಾಲ ಬುಡಕ್ಕೇ ಬೀಳುತ್ತಿತ್ತು, ಸರಿ ಮಾಡಿದ್ದು ಹೀಗೆ

ಹಿಮಾಚಲದ ತೀರ್ಥನ್ ನದಿಯಲ್ಲಿ ಫ್ಲೈ (ಹುಳುವಿನಂತೆ ಕಾಣುವ ಹಗುರ ಕೊಕ್ಕೆ) ಎಸೆದು ಟ್ರೌಟ್ ಮೀನು ಹಿಡಿಯುವ ಆಸೆ, ಇರುವುದು ಮಂಡ್ಯದಲ್ಲಿ. ನಮ್ಮ ಕಾವೇರಿ ನೀರು ಟ್ರೌಟ್‌ಗೆ ತೀರಾ ಬೆಚ್ಚಗೆ. ಅದಕ್ಕೇ 9 ಅಡಿಯ 5 ವೇಟ್ (ಎಷ್ಟು ತೂಕದ ದಾರಕ್ಕೆ ಎಂಬ ಅಳತೆ) ರಾಡ್ ಹಿಡಿದು ಎಸೆಯುವ ಅಭ್ಯಾಸಕ್ಕೆ ಗದ್ದೆಗೆ ಇಳಿದೆ, ಕಬ್ಬಿನ ಕೂಳೆಗೆ ದಾರ ಸಿಕ್ಕಿ ಸಾಕಾಗಿ ಮೈದಾನಕ್ಕೆ ಹೋದೆ. ಅಲ್ಲೂ ದಾರ ಕಾಲ ಬುಡದಲ್ಲೇ ಗುಡ್ಡೆ. ಬಲ ಹಾಕಿದಷ್ಟೂ ಜಾಸ್ತಿ ಕೆಟ್ಟಿತು. ಗಾಳಕ್ಕೆ ಸೀಸದ ಗುಂಡು ಕಟ್ಟಿ ಎಸೆದ ಕೈ ಅಲ್ವಾ, ಇಲ್ಲಿ ಭಾರ ಇರುವುದು ದಾರದಲ್ಲೇ. ಒಂದು ದಿನ ತಿರುಗಿ ನೋಡಿದರೆ, ಹಿಂದೆ ಹೋದ ದಾರ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ನಾನು ಮುಂದಕ್ಕೆ ಎಳೆಯುತ್ತಿದ್ದೆ! ಈಗ ಮಣಿಕಟ್ಟು ಬಿಗಿ ಹಿಡಿದು, ರಾಡನ್ನು ಗಡಿಯಾರದ 10 ಮತ್ತು 2ರ ನಡುವೆ ಮಾತ್ರ ಆಡಿಸಿ, ಹಿಂದೆ ಒಂದು ಕ್ಷಣ ಸುಮ್ನೆ ನಿಲ್ಲುತ್ತೇನೆ. ಕೊಕ್ಕೆ ಬದಲು ಉಣ್ಣೆ ತುಂಡು ಕಟ್ಟಿದ್ದಕ್ಕೆ ಕಿವಿ ಉಳಿಯಿತು. ಮೊನ್ನೆ 30 ಅಡಿ ನೇರ ಹೋಯಿತು.