ಆಕಾಶದಿಂದ ಇಳಿಯುವಾಗ ನೆಲಕ್ಕೆ ಮೊದಲು ಏನು ತಾಕಬೇಕು?

ಚಿಕ್ಕಬಳ್ಳಾಪುರದ ಕಾಲೇಜು ಮೈದಾನವೊಂದರಲ್ಲಿ ಎನ್‌ಸಿಸಿ ಹುಡುಗಿಯೊಬ್ಬಳು ಕೇಳಿದಳು: “ಸಾರ್, ಯಲಹಂಕದ ಏರ್ ಶೋನಲ್ಲಿ ವಾಯುಪಡೆಯ ಪ್ಯಾರಾಚೂಟ್ ತಂಡ ಆಕಾಶಗಂಗಾದವರು ಮೆಟ್ಟಿಲು ಇಳಿದ ಹಾಗೆ ನಿಂತೇ ಇಳಿದರಲ್ಲ, ವಿಮಾನ ಕೆಟ್ಟಾಗ ಹೊರಗೆ ಹಾರುವ ಪೈಲಟ್‌ಗಳು ಮಾತ್ರ ಯಾಕೆ ಬಿದ್ದು ಉರುಳಬೇಕು?”

ಉತ್ತರ ಕೊಡೆಯಲ್ಲಿದೆ. ಆಕಾಶಗಂಗಾದವರದು ಚೌಕನೆಯ, ರೆಕ್ಕೆಯಂತೆ ತೇಲುವ ಪ್ಯಾರಾಚೂಟ್. ನೆಲ ಹತ್ತಿರ ಬಂದಾಗ ಎರಡೂ ಕೈಯ ಹಗ್ಗ ಒಟ್ಟಿಗೆ ಜಗ್ಗಿದರೆ ವೇಗ ಸತ್ತುಹೋಗುತ್ತದೆ. ಅಪಾಯದಲ್ಲಿ ಪೈಲಟ್‌ನನ್ನು ವಿಮಾನದಿಂದ ಹೊರಗೆ ಚಿಮ್ಮಿಸುವ ಎಜೆಕ್ಷನ್ ಸೀಟಿನೊಳಗೆ ಮಡಚಿಟ್ಟಿರುವುದು ಸಾಮಾನ್ಯವಾಗಿ ದುಂಡು ಕೊಡೆ. ಪ್ರಜ್ಞೆ ತಪ್ಪಿದವನನ್ನೂ ಅದು ಇಳಿಸಬೇಕು, ಆದ್ದರಿಂದ ನಂಬಿಕಸ್ಥ. ಆದರೆ ಅದಕ್ಕೆ ಬ್ರೇಕ್ ಇಲ್ಲ. ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ನೆಲಕ್ಕೆ ತಂದು ಬಿಡುತ್ತದೆ. ಆಳೆತ್ತರದ ಕಾಂಪೌಂಡ್ ಗೋಡೆಯಿಂದ ಧುಮುಕಿದರೆ ಎಷ್ಟು ಪೆಟ್ಟೋ ಅಷ್ಟು. ಗಂಟೆಗೆ 18 ಕಿಲೋಮೀಟರ್ ಗಾಳಿ ಇದ್ದರೆ ಸೆಕೆಂಡಿಗೆ 5 ಮೀಟರ್ ಪಕ್ಕಕ್ಕೂ ತಳ್ಳುತ್ತದೆ. ಆ ವೇಗದಲ್ಲಿ ನಿಲ್ಲಲು ಹೋದವರ ಕಾಲು ಉಳಿಯುವುದು ಕಷ್ಟ.

2023ರ ಜೂನ್ 1ರಂದು ಚಾಮರಾಜನಗರ ಜಿಲ್ಲೆಯ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿದ್ದಾಗ ಅದರಲ್ಲಿದ್ದ ಇಬ್ಬರೂ ಎಜೆಕ್ಟ್ ಆಗಿ ಬದುಕಿದರು, ಒಬ್ಬರು ಮಹಿಳೆ. ಇಂಥ ಗಳಿಗೆಗೆ ರಿಹರ್ಸಲ್ ಇಲ್ಲ. ಪೈಲಟ್ ಆಗುವವರನ್ನು ನಿಜವಾದ ವಿಮಾನದಿಂದ ಎಜೆಕ್ಟ್ ಮಾಡಿಸಿ ಯಾರೂ ಕಲಿಸುವುದಿಲ್ಲ. ರಾಕೆಟ್ ಸೀಟು ಬೆನ್ನುಮೂಳೆಗೆ ಕೊಡುವ ಏಟೇ ದೊಡ್ಡದು. ಹಾಗಾಗಿ ಕಲಿಸುವುದೆಲ್ಲ ನೆಲದ ಮೇಲೆ, ಬೀಳುವುದನ್ನು.

ಮೊದಲ ಪಾಠ, ನಿಲ್ಲುವುದು. ಎರಡೂ ಪಾದ, ಎರಡೂ ಮಂಡಿ ಒಂದಕ್ಕೊಂದು ಅಂಟಿರಬೇಕು. ಮಂಡಿ ಸ್ವಲ್ಪ ಬಾಗಿರಲಿ, ಗದ್ದ ಎದೆಗೆ ಒತ್ತಿರಲಿ, ಮೊಣಕೈ ಒಳಗಿರಲಿ, ಕೈ ಭುಜದ ಮೇಲಿನ ಪಟ್ಟಿಗಳನ್ನು ಹಿಡಿದಿರಲಿ. ಮಂಡಿಗಳ ನಡುವೆ ಕರವಸ್ತ್ರ ಸಿಕ್ಕಿಸಿ ಅಭ್ಯಾಸ ಮಾಡಿ. ಬಟ್ಟೆ ಜಾರಿತೆಂದರೆ ಕಾಲು ಅಗಲವಾಯಿತು ಎಂದೇ ಲೆಕ್ಕ. ಕಾಲು ಅಗಲವಾದರೆ ಪೂರ್ತಿ ಭಾರ ಒಂದೇ ಹರಡಿನ ಮೇಲೆ. ಕಣ್ಣು ದೂರದ ದಿಗಂತದಲ್ಲಿರಬೇಕು. ನೆಲ ನೋಡಿದರೆ ಕಾಲು ತಾನಾಗಿ ನೆಲ ಹುಡುಕಿಕೊಂಡು ಮುಂದೆ ಚಾಚಿ ಸೆಟೆದುಕೊಳ್ಳುತ್ತದೆ. ಬಹುಪಾಲು ತಪ್ಪು ಆಗುವುದು ಇಲ್ಲೇ.

ಎರಡನೆಯದು, ಬೀಳುವುದು. ಐದು ಜಾಗ ಒಂದಾದ ಮೇಲೊಂದು ನೆಲ ಮುಟ್ಟಬೇಕು: ಅಂಗಾಲಿನ ಮುಂಭಾಗ, ಮೀನಖಂಡದ ಹೊರಬದಿ, ತೊಡೆಯ ಬದಿ, ಪಿರ್ರೆ, ಕೊನೆಗೆ ಬೆನ್ನಿನ ಪಕ್ಕದ ಅಗಲ ಸ್ನಾಯು. ಆಮೇಲೆ ಎರಡೂ ಕಾಲು ಒಟ್ಟಿಗೇ ಇನ್ನೊಂದು ಕಡೆಗೆ ಉರುಳಿಹೋಗುತ್ತವೆ. ಒಂದೇ ಕಡೆ ಬೀಳಬೇಕಿದ್ದ ಏಟನ್ನು ಐದು ಕಡೆ ಹಂಚುವುದು, ಕ್ಷಣದಲ್ಲಿ ಮುಗಿಯಬೇಕಿದ್ದುದನ್ನು ಸ್ವಲ್ಪ ಎಳೆಯುವುದು, ಲೆಕ್ಕ ಇಷ್ಟೆ. ಗರಡಿಯಲ್ಲಿ ಕುಸ್ತಿ ಆಡಿದವರಿಗೆ ಇದು ಬೇಗ ಬರುತ್ತದೆ. ಕೈ ಊರದೆ ಮಣ್ಣಿಗೆ ಬೀಳುವುದು ಅವರಿಗೆ ಗೊತ್ತು. ಕ್ರಿಕೆಟ್ ಹುಡುಗರು ತಡ. ಬೀಳುವಾಗ ಕೈ ಊರುವ ಚಾಳಿ ಬಿಡುವುದಿಲ್ಲ, ಮಣಿಕಟ್ಟು ಮುರಿಯುವುದೇ ಹಾಗೆ. ಹಿಮ್ಮಡಿ ಊರಿ ದಬ್ಬನೆ ಕೂತವರ ಪಾಡು ಇನ್ನೂ ಕೆಟ್ಟದ್ದು, ಪೆಟ್ಟು ನೇರ ಬೆನ್ನುಮೂಳೆಗೆ.

ಎಡ, ಬಲ, ಮುಂದೆ, ಹಿಂದೆ, ಎಲ್ಲ ಕಡೆಗೂ ಬೀಳಲು ಕಲಿಯಬೇಕು. ಎಲ್ಲರಿಗೂ ಒಂದು ಮೆಚ್ಚಿನ ಪಕ್ಕ ಇರುತ್ತದೆ. ಗಾಳಿ ಅದನ್ನು ಕೇಳಿಕೊಂಡು ಬೀಸುವುದಿಲ್ಲ.

ಹುಲ್ಲಿನ ಮೇಲೆ ಸರಿಯಾಗಿ ಬಂದ ಮೇಲೆಯೇ ಮರಳಿನ ಗುಂಡಿಗೆ ತಗ್ಗಾದ ಕಟ್ಟೆಯಿಂದ ಜಿಗಿತ. ಕಟ್ಟೆ ನಿಧಾನವಾಗಿ ಎತ್ತರವಾಗುತ್ತದೆ. ಆಮೇಲೆ ಉಯ್ಯಾಲೆ. ಸರಂಜಾಮು ಕಟ್ಟಿ ತೂಗಾಡಿಸುತ್ತಾರೆ, ಉಸ್ತಾದ್ ಹೇಳದೆ ಕೇಳದೆ ಹಗ್ಗ ಬಿಡುತ್ತಾರೆ. ಯಾವ ಪಕ್ಕಕ್ಕೆ ಬೀಳಬೇಕೆಂದು ಯೋಚಿಸಲು ಸಮಯವಿರುವುದಿಲ್ಲ, ಮೈಯೇ ತೀರ್ಮಾನಿಸಬೇಕು. ಮನೆಯ ತಾರಸಿಯಿಂದ ಇದನ್ನು ಮಾಡಿ ನೋಡುವವರಿಗೆ ಒಂದೇ ಮಾತು: ಬೇಡ. ಹುಲ್ಲಿನ ಮೇಲಿನ ಉರುಳು ಕೂಡ ಕಲಿಸುವವರ ಮುಂದೆಯೇ ಆಗಲಿ.

ಇನ್ನು ಎಲ್ಲಿ ಇಳಿಯುತ್ತೀರಿ ಎಂಬುದು. ನಮ್ಮ ಸೀಮೆಯನ್ನೇ ನೆನೆದುಕೊಳ್ಳಿ. ಉತ್ತ ರಾಗಿ ಹೊಲ ಸಿಕ್ಕರೆ ಪುಣ್ಯ. ಹೊಗೆ, ಧೂಳು, ಮರದ ತುದಿ ನೋಡಿ ಗಾಳಿ ಎತ್ತಲಿಂದ ಎಂದು ತಿಳಿದು, ಕೊಡೆ ತಿರುಗುವಂಥದ್ದಾದರೆ ಗಾಳಿಗೆ ಎದುರು ಮುಖ ಮಾಡಬೇಕು. ಆಗ ಪಕ್ಕಕ್ಕೆ ಓಡುವ ವೇಗ ತಗ್ಗುತ್ತದೆ. ಸೀಟಿನ ಕೆಳಗಿದ್ದ ಸಾಮಾನಿನ ಚೀಲವನ್ನು ಮೊದಲೇ ಹಗ್ಗದಲ್ಲಿ ಕೆಳಗೆ ಬಿಡಬೇಕು. ಕತ್ತಲಲ್ಲಿ ಅದು ನೆಲಕ್ಕೆ ಬಡಿದ ಜಗ್ಗೇ ನಿಮಗೆ ಎಚ್ಚರಿಕೆ.

ಕೋಲಾರದ ನೀಲಗಿರಿ ತೋಪಿನ ಮೇಲೆ ಇಳಿಯುವುದಾದರೆ ಕಾಲು ಬಿಗಿಯಾಗಿ ಜೋಡಿಸಿ, ಮುಖಕ್ಕೂ ಕುತ್ತಿಗೆಗೂ ತೋಳು ಅಡ್ಡ ಹಿಡಿಯಬೇಕು. ಕೊಂಬೆಗೆ ಸಿಕ್ಕಿ ತೂಗಾಡಿದರೂ ಅವಸರಪಟ್ಟು ಬಕಲ್ ಬಿಚ್ಚಬಾರದು. ಇಳಿದು ಬದುಕಿದವನು ಮರದಿಂದ ಬಿದ್ದು ಕಾಲು ಮುರಿದುಕೊಳ್ಳುವುದು ಬೇಡ. ಕಲ್ಲುಕಂಬ, ತಂತಿಯ ದ್ರಾಕ್ಷಿ ಚಪ್ಪರ ಕಂಡರೆ ದೂರದಿಂದಲೇ ತಪ್ಪಿಸಿ. ಕರೆಂಟ್ ತಂತಿಯಂತೂ ಎಲ್ಲಕ್ಕಿಂತ ಕೆಟ್ಟದ್ದು. ತಪ್ಪಿಸಲಾಗದಿದ್ದರೆ ಮೈಯನ್ನು ಆದಷ್ಟು ಕಿರಿದು ಮಾಡಿಕೊಂಡು, ಎರಡು ತಂತಿ ಒಟ್ಟಿಗೆ ಮುಟ್ಟದ ಹಾಗೆ ಜಾರಬೇಕು.

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ಕೆರೆಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲೆ ಕೋಲಾರದ ಕೆರೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಿಂತ ನೀರಿನ ಮೇಲೆ ಎತ್ತರ ಅಂದಾಜಾಗುವುದಿಲ್ಲ. ಇನ್ನೇನು ಬಂತು ಎಂದು ಪಟ್ಟಿ ಬಿಚ್ಚಿದರೆ ಇನ್ನೂ ಹತ್ತಾರು ಅಡಿ ಮೇಲಿರಬಹುದು. ಲೈಫ್ ಜಾಕೆಟ್ ಮೊದಲೇ ಉಬ್ಬಿಸಿಕೊಂಡು, ಪಾದ ನೀರು ಮುಟ್ಟಿದ ಮೇಲೆಯೇ ಬಿಚ್ಚಬೇಕು.

ನೆಲ ಮುಟ್ಟಿದಾಗ ಕೆಲಸ ಮುಗಿಯುವುದಿಲ್ಲ. ಗಾಳಿ ತುಂಬಿದ ಕೊಡೆ ಮನುಷ್ಯನನ್ನು ನೇಗಿಲಿನಂತೆ ಎಳೆದೊಯ್ಯುತ್ತದೆ. ಉರುಳಿದ ಕೂಡಲೇ ಭುಜದ ಬಕಲ್‌ಗೆ ಕೈ ಹಾಕಿ ಕೊಡೆಯನ್ನು ಕಳಚಬೇಕು. ಬೆನ್ನ ಮೇಲೆ ಮಲಗಿ ಎಳೆಸಿಕೊಳ್ಳುತ್ತಲೇ ಬಕಲ್ ಹುಡುಕುವುದೂ ಒಂದು ಪಾಠ.

ಆ ಹುಡುಗಿ ಅಂದು ಸಂಜೆ ಹುಲ್ಲಿನ ಮೇಲೆ ಉರುಳಿದ್ದೇ ಉರುಳಿದ್ದು. ಎಡ ತೋಳಿನಿಂದ ಎಡ ತೊಡೆವರೆಗೆ ಕೆಮ್ಮಣ್ಣು ಮೆತ್ತಿತ್ತು, ಬಲಗಡೆ ಮಾತ್ರ ಇಸ್ತ್ರಿ ಹಾಗೇ ಇತ್ತು.

“ಈಗ ಆ ಕಡೆ, ಅಮ್ಮಾ,” ಎಂದೆ.