ಟ್ಯೂಬ್ ಆಂಪ್ ಹಚ್ಚುವ ಮತ್ತು ಆರಿಸುವ ಕ್ರಮ

ಟ್ಯೂಬ್ ಗಿಟಾರ್ ಆಂಪ್ಲಿಫೈಯರ್ ಹಚ್ಚುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಸ್ಟ್ಯಾಂಡ್‌ಬೈ ಸ್ವಿಚ್ಚಿನ ಬಗ್ಗೆ, ಅಂದರೆ ಟ್ಯೂಬನ್ನು ಕಾಯಿಸುತ್ತಲೇ ಅದಕ್ಕೆ ಹೆಚ್ಚಿನ ವೋಲ್ಟು ಹೋಗದಂತೆ ತಡೆಯುವ ಸ್ವಿಚ್ಚಿನ ಬಗ್ಗೆ. ಅದಕ್ಕಿಂತ ಮುಂಚೆ ಕೇಳಬೇಕಾದದ್ದು ಸ್ಪೀಕರ್ ಸಿಕ್ಕಿಸಿದೆಯೇ ಎಂಬುದನ್ನು. ಸ್ಪೀಕರ್ ಇಲ್ಲದೆ ಗಿಟಾರ್ ಮೀಟಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುರುಳಿಯಲ್ಲಿ ಸಾವಿರ ವೋಲ್ಟನ್ನೂ ಮೀರಿದ ಒತ್ತಡ ಎದ್ದು, ಸುರುಳಿಯ ಒಳಗೋ ಟ್ಯೂಬಿನ ಸಾಕೆಟ್ಟಿನಲ್ಲೋ ಕಿಡಿ ಹಾರಿ ಸುಟ್ಟುಹೋಗಬಹುದು. ಕ್ಯಾಬಿನೆಟ್ 8 ಓಮ್‌ನದಾದರೆ 8 ಓಮ್‌ನ ಜ್ಯಾಕಿಗೇ ಸಿಕ್ಕಿಸಬೇಕು. ಅದೂ ಗಿಟಾರಿನ ಸಪೂರ ಕೇಬಲ್ಲಿನಿಂದಲ್ಲ, ಸ್ಪೀಕರ್ ಕೇಬಲ್ಲಿನಿಂದ. ಹೊರಗಿನಿಂದ ಎರಡೂ ಒಂದೇ ಥರ ಕಾಣುವುದರಿಂದ ನಾನು ಸ್ಪೀಕರ್ ಕೇಬಲ್ಲಿನ ಎರಡೂ ತುದಿಗೆ ಕೆಂಪು ಟೇಪು ಸುತ್ತಿಟ್ಟಿದ್ದೇನೆ.

ನಂತರ ಕರೆಂಟು. ಶಿರಸಿಯ ಆರತಕ್ಷತೆಯೊಂದರಲ್ಲಿ ಜನರೇಟರ್ ಪ್ಲಗ್ಗಿಗೆ ಮಲ್ಟಿಮೀಟರ್ ಇಟ್ಟಾಗ 260 ವೋಲ್ಟ್ ತೋರಿಸಿತು. 230ಕ್ಕೆಂದು ಮಾಡಿದ ಆಂಪಿನಲ್ಲಿ ಆಗ ಟ್ಯೂಬನ್ನು ಒಳಗಿನಿಂದ ಕಾಯಿಸುವ 6.3 ವೋಲ್ಟಿನ ಹೀಟರ್ 7.1ಕ್ಕೆ ಏರುತ್ತದೆ, ಟ್ಯೂಬಿನೊಳಗಿನ ಲೋಹದ ತಗಡಾದ 450 ವೋಲ್ಟಿನ ಪ್ಲೇಟು 500 ದಾಟುತ್ತದೆ. ಜನರೇಟರಿನವರು ಅದನ್ನು ಸರಿಮಾಡುವವರೆಗೆ ನಾನು ಪ್ಲಗ್ ಹಾಕಲಿಲ್ಲ. 120 ವೋಲ್ಟಿನ ಅಮೆರಿಕದ ಆಂಪಾಗಿದ್ದರೆ ಅದರ ಹಿಂಬದಿಯಲ್ಲಿ ಬರೆದಿರುವ ವ್ಯಾಟಿಗಿಂತ ಧಾರಾಳವಾಗಿ ದೊಡ್ಡದಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಮೂರನೆಯ ಪಿನ್ನನ್ನು, ಅಂದರೆ ಅರ್ಥಿಂಗನ್ನು, ಹಮ್ ಎಂಬ ಗುಂಯ್ ಸದ್ದು ಬರುತ್ತದೆಂದು ಎಂದೂ ಕಳಚಬಾರದು. ಗಿಟಾರಿನ ತಂತಿ ಆಂಪಿನ ಚಾಸಿಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ, ನೇರವಾಗಿ ಸೇರಿರುತ್ತದೆ, ಮಳೆಗಾಲದ ಚಪ್ಪರದಡಿ ನೆಲವೂ ಒದ್ದೆಯಿರುತ್ತದೆ.

ಕರಾವಳಿಯಲ್ಲಿ ಇನ್ನೊಂದು ಪೀಡೆ ಇಬ್ಬನಿ. ಚಳಿಗಾಲದ ನಸುಕಿನಲ್ಲಿ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದರೆ, ತಣ್ಣಗಾಗಿದ್ದ ಆಂಪಿನ ಲೋಹಕ್ಕೆ ಕೆಳಗಿನ ತೇವದ ಗಾಳಿ ತಾಗಿ ನೀರು ಕೂರುತ್ತದೆ. ಚಾಸಿಯ ಮೇಲೆ ಬೆರಳಾಡಿಸಿದಾಗ ಗೆರೆ ಮೂಡಿದರೆ ಅದು ಪೂರ್ತಿ ಒಣಗುವವರೆಗೆ, ಗಂಟೆ ಹಿಡಿದರೂ ಸರಿ, ಕಾಯಬೇಕು.

ಇಷ್ಟಾದ ಮೇಲೆ ವಾಲ್ಯೂಮ್ ಸೊನ್ನೆಗೆ ತಂದು, ಸ್ಟ್ಯಾಂಡ್‌ಬೈನಲ್ಲಿಟ್ಟು ಪವರ್ ಸ್ವಿಚ್ ಹಾಕಬೇಕು. ಹೀಟರ್ ಕಿತ್ತಳೆ ಬಣ್ಣಕ್ಕೆ ತಿರುಗಿ ಒಂದು ನಿಮಿಷವಾದಾಗ ಸ್ಟ್ಯಾಂಡ್‌ಬೈಯನ್ನು ನುಡಿಸುವ ಸ್ಥಿತಿಗೆ ತರಬೇಕು. ಸ್ಟ್ಯಾಂಡ್‌ಬೈ ಇಲ್ಲದ ಆಂಪಿಗೆ ಅದಿಲ್ಲವೆಂಬ ಚಿಂತೆ ಬೇಡ. ಅತಿಯಾದ ಸ್ಟ್ಯಾಂಡ್‌ಬೈಯೇ ಕೆಟ್ಟದ್ದು: ಹೀಟರಿನಿಂದ ಬಿಸಿಯಾಗಿ ಎಲೆಕ್ಟ್ರಾನ್ ಹೊರಡಿಸುವ ಭಾಗವಾದ ಕ್ಯಾಥೋಡಿನಿಂದ ಕರೆಂಟು ಹರಿಯದೆ ತಾಸುಗಟ್ಟಲೆ ಇದ್ದರೆ ಅದರಲ್ಲಿ ಅಡ್ಡಪದರ ಬೆಳೆದು ಟ್ಯೂಬಿನ ಕಸುವು ಇಳಿಯುತ್ತದೆ. ಚಹಾಕ್ಕೆ ಎದ್ದರೆ ವಾಲ್ಯೂಮ್ ಇಳಿಸಿ ಹೋದರೆ ಸಾಕು, ಊಟಕ್ಕೆ ಹೋಗುವುದಾದರೆ ಆರಿಸಿಯೇ ಹೋಗಬೇಕು. ಹೀಟರಿನ ಕಿತ್ತಳೆ ಸಹಜ. ಆದರೆ ಪವರ್ ಟ್ಯೂಬಿನ ಬೂದು ಪ್ಲೇಟೇ ಕೆಂಪಾಗಿ ಕಾದರೆ ಕೂಡಲೇ ಆರಿಸಿ ರಿಪೇರಿಯವರಿಗೆ ತೋರಿಸಬೇಕು. ಫ್ಯೂಸ್ ಹೋದಾಗ ದೊಡ್ಡ ಫ್ಯೂಸ್ ಹಾಕುವುದಂತೂ ಟ್ರಾನ್ಸ್‌ಫಾರ್ಮರನ್ನೇ ಫ್ಯೂಸ್ ಮಾಡಿದಂತೆ.

ನುಡಿಸುತ್ತಿರುವಾಗಲೇ ಕರೆಂಟು ಹೋದರೆ, ನಮ್ಮಲ್ಲಿ ಜೂನ್‌ನಿಂದ ಅದು ದಿನದ ಪಾಡು, ಕೈ ಮೊದಲು ಪವರ್ ಸ್ವಿಚ್ಚಿಗೆ ಹೋಗಬೇಕು. ಕರೆಂಟು ಮರಳುವಾಗ ಎರಡು ಮೂರು ಸಲ ಹೋಗಿ ಬರುವುದುಂಟು. ಬೀದಿದೀಪ ಐದು ನಿಮಿಷ ಮಿಣುಕದೆ ಉರಿದ ಮೇಲೆ ಮೊದಲಿನಿಂದ ಆರಂಭಿಸಿದರಾಯಿತು. ಗುಡುಗು ಕೇಳಿಸಿದರೆ ಸ್ವಿಚ್ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಆರಿಸುವುದು ಸುಲಭ: ವಾಲ್ಯೂಮ್ ಇಳಿಸಿ ಪವರ್ ಸ್ವಿಚ್ ತೆಗೆಯುವುದು, ಅಷ್ಟೇ. ಸ್ಟ್ಯಾಂಡ್‌ಬೈಯನ್ನು ನುಡಿಸುವ ಸ್ಥಿತಿಯಲ್ಲೇ ಬಿಟ್ಟರೆ ಹೆಚ್ಚಿನ ಆಂಪುಗಳಲ್ಲಿ ಕೆಪಾಸಿಟರಿನ ಚಾರ್ಜು ಟ್ಯೂಬಿನ ಮೂಲಕವೇ ಬೇಗ ಇಳಿಯುತ್ತದೆ. ಹಾಗೆಂದು ಪ್ಲಗ್ ಕಿತ್ತಿದ್ದೇನೆಂಬ ಧೈರ್ಯದಿಂದ ಚಾಸಿ ಬಿಚ್ಚಿ ಕೈ ಹಾಕಬಾರದು. ಅಲ್ಲಿ ಉಳಿದ ನೂರಾರು ವೋಲ್ಟು ಜೀವ ತೆಗೆಯಬಲ್ಲದು. ಸ್ಪೀಕರ್ ಕೇಬಲ್ ಕೀಳುವುದು ಎಲ್ಲಕ್ಕಿಂತ ಕೊನೆಗೆ. ಗಾಜಿಗೆ ಬಿಸಿಯಿರುವಾಗ ಕುಲುಕಾಟ ಆಗದು. ಟ್ಯೂಬಿನ ಬಳಿ ಅಂಗೈ ಹಿಡಿದಾಗ ಕಾವು ತಾಗದಷ್ಟು ತಣಿದ ಮೇಲೆಯೇ ಆಂಪನ್ನು ಗಾಡಿಗೆ ಏರಿಸಬೇಕು.