ಎರಡು ತಂಡಕ್ಕೂ ಒಬ್ಬರೇ ಪಿಚರ್

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ನಾವು ನಾಲ್ಕು ಕುಟುಂಬದವರು ಸೇರಿ ಶನಿವಾರ ಬೆಳಿಗ್ಗೆ ಬೇಸ್‌ಬಾಲ್ ಆಡಲು ಆರಂಭಿಸಿ ಇದು ಐದನೆಯ ವರ್ಷ. ಅದಕ್ಕೂ ಮೊದಲು ನಮ್ಮ ಶನಿವಾರಗಳೆಂದರೆ ಟೆನಿಸ್ ಬಾಲ್ ಕ್ರಿಕೆಟ್ಟು. ಗಂಡಸರು ಆಡುತ್ತಿದ್ದರು, ಉಳಿದವರು ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಚಿತ್ರಾನ್ನದ ಡಬ್ಬಿ ಕಾಯುತ್ತಿದ್ದರು. ಮಗಳು ಶಾಲೆಯಲ್ಲಿ ಬೇಸ್‌ಬಾಲ್ ಕಲಿತು ಬಂದು ಒಂದು ದಿನ ನಮಗೆಲ್ಲ ಹೇಳಿಕೊಡಲು ನಿಂತಾಗ ನಾನು ಗಮನಿಸಿದ್ದು ಇದು: ಕ್ರಿಕೆಟ್ಟಿನಲ್ಲಿ ಇಪ್ಪತ್ತು ವರ್ಷ ಪಳಗಿದವರ ಎದುರು ಹೊಸಬರಿಗೆ ಆಸೆಯೇ ಇರಲಿಲ್ಲ, ಬೇಸ್‌ಬಾಲಿನಲ್ಲಿ ಹಿರಿಯರೆಲ್ಲರೂ ಅದೇ ದಿನ ಅಕ್ಷರಾಭ್ಯಾಸಕ್ಕೆ ಕುಳಿತವರಂತಿದ್ದರು, ಮಕ್ಕಳೇ ಗುರುಗಳಾಗಿದ್ದರು.

ಆದರೂ ಮೊದಲ ಎರಡು ತಿಂಗಳು ನಮ್ಮ ಆಟ ಕುದುರಲಿಲ್ಲ. ಟಿವಿಯಲ್ಲಿ ಕಂಡಂತೆಯೇ ಆಡಬೇಕೆಂದು ಹೊರಟು, ಪಿಚರ್, ಎಂದರೆ ಹೊಡೆಯುವವರಿಗೆ ಚೆಂಡು ಹಾಕುವವನು, ಬಲವಾಗಿ ಎಸೆಯುವುದು, ಬ್ಯಾಟು ಹಿಡಿದವರು ಗಾಳಿಗೆ ಬೀಸುವುದು, ಇಲ್ಲವೇ ನಾಲ್ಕು ಚೆಂಡು ಗುರಿ ತಪ್ಪಿ ಅವರು ಓಟದ ಮೊದಲ ನಿಲ್ದಾಣವಾದ ಫಸ್ಟ್ ಬೇಸ್‌ಗೆ ನಡೆದುಹೋಗುವುದು, ಇಷ್ಟರಲ್ಲಿಯೇ ಬೆಳಗು ಕಳೆಯುತ್ತಿತ್ತು. ಹೊರಗೆ ನಿಂತ ಆರು ಜನರ ಬಳಿಗೆ ಗಂಟೆಗೊಂದು ಚೆಂಡೂ ಬರುತ್ತಿರಲಿಲ್ಲ. ಮೂರನೆಯ ಶನಿವಾರ ನನ್ನ ಭಾವನವರ ಬೆರಳಿಗೆ ಪೆಟ್ಟಾಯಿತು. ಮೈಸೂರಿನಲ್ಲಿ ಲೆದರ್ ಬಾಲ್ ಕ್ರಿಕೆಟ್ ಆಡಿದವರು ಅವರು. ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ, ಬೇಸ್‌ಬಾಲಿನ ಚೆಂಡು 142ರಿಂದ 149 ಗ್ರಾಂ ಎಂದು ತಿಳಿದು, ಹಗುರವಾದ ಚೆಂಡಿಗೆ ಗ್ಲೌಸ್ ಏಕೆಂದು ಬರಿಗೈಯಲ್ಲಿ ಫಸ್ಟ್ ಬೇಸ್ ಕಾಯುತ್ತಿದ್ದರು. ತೂಕ ಕಡಿಮೆಯಾದರೇನು, ಅಲ್ಲಿಗೆ ಬರುವ ಬಹುತೇಕ ಪ್ರತಿಯೊಂದು ಚೆಂಡೂ ಓಡಿಬರುವವರನ್ನು ಔಟ್ ಮಾಡಲು ಯಾರೋ ಪೂರ್ತಿ ಬಲ ಹಾಕಿ ನೇರವಾಗಿ ಎಸೆದದ್ದೇ ಆಗಿರುತ್ತದೆ. ಎಕ್ಸ್-ರೇಯಲ್ಲಿ ಮೂಳೆ ಮುರಿದಿಲ್ಲವೆಂದು ಕಂಡಿತಾದರೂ ಮೂರು ವಾರ ಎರಡು ಬೆರಳು ಜೋಡಿಸಿ ಪಟ್ಟಿ ಕಟ್ಟಿಕೊಳ್ಳಬೇಕಾಯಿತು, ಮತ್ತು ಅದನ್ನು ನೋಡಿದ ಚಿಕ್ಕ ಮಕ್ಕಳಿಬ್ಬರು ಮೈದಾನಕ್ಕೆ ಇಳಿಯುವುದನ್ನೇ ಬಿಟ್ಟರು. ನನಗೆ ಹೆಚ್ಚು ನೋವಾದದ್ದು ಈ ಎರಡನೆಯದರಿಂದ.

ಹೀಗಾಗಿ ನಾವು ಮೊದಲು ಬದಲಿಸಿದ್ದು ಚೆಂಡನ್ನು. ಕಂಬದ ಮೇಲಿಟ್ಟ ಚೆಂಡನ್ನು ಹೊಡೆಯುವ ಚಿಕ್ಕ ಮಕ್ಕಳ ಟೀ-ಬಾಲ್ ಆಟಕ್ಕೆಂದು ಮಾರುವ ಮೆತ್ತನೆಯ ಚೆಂಡೊಂದಿದೆ. ಹೊರಗಿನಿಂದ ನೋಡಿದರೆ ಅಸಲಿ ಚೆಂಡಿನ ಗಾತ್ರ, ಅದೇ ಕೆಂಪು ಹೊಲಿಗೆ, ಒಳಗೆ ಮಾತ್ರ ಹೆಬ್ಬೆರಳಿನಿಂದ ಒತ್ತಿದರೆ ತಗ್ಗುವಂತಹ ತಿರುಳು. ಟೆನಿಸ್ ಬಾಲಿನಲ್ಲಿಯೂ ಆಡಿ ನೋಡಿದೆವು, ಆದರೆ ಅದು ಗ್ಲೌಸಿನೊಳಗೆ ನಿಲ್ಲದೆ ಪುಟಿದು ಹೊರಬೀಳುತ್ತದೆ. ಮೆತ್ತನೆಯ ಚೆಂಡು ಗ್ಲೌಸಿನಲ್ಲಿ ನಿಲ್ಲುತ್ತದೆ, ಮೈಗೆ ತಾಗಿದರೆ ಚುರುಕು ಹುಟ್ಟಿಸಿ ಸುಮ್ಮನಾಗುತ್ತದೆ. ಗ್ಲೌಸನ್ನು ಕೊಳ್ಳುವಾಗ ಒಂದು ಎಚ್ಚರ ಬೇಕು: ಬಲಗೈಯಲ್ಲಿ ಎಸೆಯುವವರಿಗೆ ಅದು ಎಡಗೈಗೆ ಬೇಕು. ನಮ್ಮಲ್ಲಿ ಇಬ್ಬರು ಇದನ್ನು ತಿರುಗುಮುರುಗಾಗಿ ತಂದು ಅಂಗಡಿಗೆ ಹಿಂದಿರುಗಿಸಿದರು.

ಎರಡನೆಯ ಬದಲಾವಣೆ ಪಿಚಿಂಗ್‌ನದು, ಮತ್ತು ನಮ್ಮ ಆಟ ಉಳಿದದ್ದು ಅದರಿಂದಲೇ ಎಂದು ನಾನು ದೃಢವಾಗಿ ನಂಬಿದ್ದೇನೆ. ಆ ವರ್ಷ ಅರಸೀಕೆರೆಯಿಂದ ಅಪ್ಪ ಆರು ತಿಂಗಳಿಗೆ ನಮ್ಮ ಮನೆಗೆ ಬಂದಿದ್ದರು. ಎಪ್ಪತ್ತೊಂದು ವರ್ಷದ ಅವರಿಗೆ ಓಡುವುದು ಆಗದು, ಸುಮ್ಮನೆ ಕೂರುವುದೂ ಆಗದು. ಎರಡು ತಂಡಕ್ಕೂ ಅವರೇ ಚೆಂಡು ಎಸೆಯಲಿ ಎಂದು ಮಗಳು ಸೂಚಿಸಿದಳು. ಅಪ್ಪ ಚೆಂಡನ್ನು ಅಂಗೈಗೆ ಅಂಟದಂತೆ ಬೆರಳ ತುದಿಗಳಲ್ಲಿ ಹಿಡಿಯುತ್ತಾರೆ, ತೋಳನ್ನು ಮೊಣಕಾಲ ಪಕ್ಕದಿಂದ ತೊಟ್ಟಿಲಿನಂತೆ ಒಮ್ಮೆ ತೂಗಿ ಬಿಡುತ್ತಾರೆ. ಚೆಂಡು ಆಡುವವರ ತಲೆಯೆತ್ತರಕ್ಕೆ ಏರಿ, ಅವರ ಪಕ್ಕದಲ್ಲಿ ಓಟ ಶುರುವಾಗಿ ಮುಗಿಯುವ ಗುರುತಾದ ಹೋಮ್ ಪ್ಲೇಟ್‌ನ ಮೇಲೆ ಸೊಂಟದ ಮಟ್ಟಕ್ಕೆ ಇಳಿಯುತ್ತದೆ. ಆರು ವರ್ಷದವಳಿಗೆ ಎಸೆಯುವಾಗ ಐದು ಹೆಜ್ಜೆ ಮುಂದೆ ಬರುತ್ತಾರೆ. ಪ್ರತಿ ಚೆಂಡಿಗೂ ಮೊದಲು, "ಮೇಲೆ ಬೇಕೋ, ಕೆಳಗೆ ಬೇಕೋ?" ಎಂದು ಕೇಳುತ್ತಾರೆ.

ಇದು ಆಟದ ಜಾಯಮಾನಕ್ಕೆ ವಿರುದ್ಧವಲ್ಲವೇ ಎಂಬ ಅಳುಕು ನನಗಿತ್ತು. ಬೇಸ್‌ಬಾಲಿನ ಹಳೆಯ ನಿಯಮಗಳನ್ನು ಓದಿದ ಮೇಲೆ ಆ ಅಳುಕು ಹೋಯಿತು. ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬು 1845ರಲ್ಲಿ ಬರೆದಿಟ್ಟ ನಿಯಮಗಳ ಪ್ರಕಾರ ಪಿಚರ್ ಚೆಂಡನ್ನು ಕೆಳಗೈಯಿಂದ, ಹೊಡೆಯಲು ಅನುಕೂಲವಾಗುವಂತೆ ಕೊಡಬೇಕಿತ್ತು. ತೋಳನ್ನು ಭುಜದ ಮೇಲಿನಿಂದ ಬೀಸಿ ಎಸೆಯಲು ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಕೂಟವಾದ ನ್ಯಾಷನಲ್ ಲೀಗ್ ಒಪ್ಪಿದ್ದು 1884ರಲ್ಲಿ. ಚೆಂಡು ಮೇಲೆ ಬೇಕೋ ಕೆಳಗೆ ಬೇಕೋ ಎಂದು ಹೇಳುವ ಹಕ್ಕು ಆಡುವವನಿಗೆ 1886ರವರೆಗೂ ಇತ್ತು. ಇದಾವುದೂ ಅಪ್ಪನಿಗೆ ಗೊತ್ತಿರಲಿಲ್ಲ. ಎದುರಿಗಿರುವವರು ಹೊಡೆಯಲಿ ಎಂದು ಮನಸ್ಸಿನಲ್ಲಿದ್ದರೆ ಯಾರಿಗಾದರೂ ಹೊಳೆಯುವ ಪ್ರಶ್ನೆಯನ್ನೇ ಅವರು ಕೇಳುತ್ತಿದ್ದರು.

ಪಿಚರ್ ಎರಡೂ ಕಡೆಯವರಾದ್ದರಿಂದ ಸ್ಟ್ರೈಕ್ (ಗುರಿಯೊಳಗೆ ಬಂದ ಅಥವಾ ಬೀಸಿ ತಪ್ಪಿದ ಎಸೆತ), ಬಾಲ್ (ಗುರಿ ತಪ್ಪಿದ ಎಸೆತ) ಎಂದು ಎಣಿಸುವ ಕೆಲಸ ತಾನಾಗಿ ಬಿದ್ದುಹೋಯಿತು. ಮೂರು ಸಲ ಬೀಸಿ ಮೂರೂ ತಪ್ಪಿದರೆ ಔಟ್, ಬೀಸದೆ ಬಿಟ್ಟ ಚೆಂಡಿಗೆ ಲೆಕ್ಕವಿಲ್ಲ. ಪ್ರತಿಯೊಬ್ಬರೂ ಹೊಡೆಯತೊಡಗಿದರು, ಹೊಡೆದದ್ದು ಎಲ್ಲ ದಿಕ್ಕಿಗೂ ಹೋಗತೊಡಗಿತು, ಹೊರಗೆ ನಿಂತವರಿಗೆ ಕೈತುಂಬ ಕೆಲಸ ಬಂದಿತು. ಆದರೆ ಹಿರಿಯರೊಬ್ಬರನ್ನು ಆ ಜಾಗದಲ್ಲಿ ನಿಲ್ಲಿಸಿದ ಮೇಲೆ ಅವರ ರಕ್ಷಣೆಯೂ ನಮ್ಮ ಹೊಣೆ. ಚೆಂಡು ಮೆತ್ತಗಿದ್ದರೂ ಪ್ರಾಯದ ಹುಡುಗನೊಬ್ಬ ನೇರವಾಗಿ ಹೊಡೆದರೆ ಮುಖ ತಿರುಗಿಸಲು ಸಮಯ ಸಿಗುವುದಿಲ್ಲ. ಅದಕ್ಕಾಗಿ ಎಲ್ ಅಕ್ಷರದ ಆಕಾರದ, ಮಡಚಿ ಕಾರಿನಲ್ಲಿ ಇಡಬಹುದಾದ ಬಲೆಯ ಪರದೆಯೊಂದನ್ನು ಕೊಂಡೆವು. ತಗ್ಗಾಗಿರುವ ಕಡೆಯಿಂದ ಚೆಂಡು ಎಸೆದು ಅಪ್ಪ ಎತ್ತರದ ಕಡೆಯ ಹಿಂದಕ್ಕೆ ಒಂದು ಹೆಜ್ಜೆ ಸರಿಯುತ್ತಾರೆ. ಪರದೆಗೆ ಬಡಿದ ಚೆಂಡನ್ನು ಮತ್ತೆ ಆಡಬೇಕು. ನಮ್ಮ ಸಾಮಾನುಗಳಲ್ಲಿ ಖರ್ಚಿನ ಮುಖ ನೋಡದೆ ಕೊಂಡದ್ದು ಇದೊಂದನ್ನೇ.

ಅಂಗಳ ಗುರುತಿಸುವುದನ್ನು ಹಗ್ಗದಿಂದ ಮಾಡುತ್ತೇವೆ. ದೊಡ್ಡವರ ಆಟದಲ್ಲಿ ಬೇಸ್‌ನಿಂದ ಬೇಸ್‌ಗೆ 90 ಅಡಿ, ಮಕ್ಕಳ ಲಿಟಲ್ ಲೀಗ್‌ನಲ್ಲಿ 60. ನಾವು 60 ಅಡಿಯನ್ನೇ ಇಟ್ಟುಕೊಂಡೆವು. ಕ್ರಿಕೆಟ್ ಪಿಚ್ಚಿನ 22 ಗಜಕ್ಕಿಂತ ಅದು ಆರು ಅಡಿ ಕಡಿಮೆಯಾದ್ದರಿಂದ ನಮ್ಮವರ ಕಣ್ಣಿಗೆ ಆ ಅಳತೆ ಪರಿಚಿತವೇ. 120 ಅಡಿ ಹಗ್ಗದ ನಡುಮಧ್ಯಕ್ಕೆ ಒಂದು ಗಂಟು ಹಾಕಿದ್ದೇವೆ. ಹೋಮ್ ಪ್ಲೇಟ್‌ನಿಂದ ನೇರಕ್ಕೆ 84 ಅಡಿ 10 ಅಂಗುಲ ಅಳೆದು ಸೆಕೆಂಡ್ ಬೇಸ್ ಇಟ್ಟು, ಹಗ್ಗದ ಎರಡು ತುದಿಗಳನ್ನು ಈ ಎರಡು ಜಾಗಗಳಲ್ಲಿ ಒತ್ತಿ ಹಿಡಿದು, ಗಂಟನ್ನು ಬಲಕ್ಕೆ ಬಿಗಿಯಾಗಿ ಎಳೆದರೆ ಅದು ನಿಂತ ಜಾಗವೇ ಫಸ್ಟ್ ಬೇಸ್, ಎಡಕ್ಕೆ ಎಳೆದರೆ ಥರ್ಡ್ ಬೇಸ್. ಇಬ್ಬರು ಮಕ್ಕಳು ತುದಿ ಹಿಡಿದು ಒಬ್ಬರು ಗಂಟು ಎಳೆದರೆ ಐದು ನಿಮಿಷದಲ್ಲಿ ಮುಗಿಯುವ ಕೆಲಸ. ದಿಕ್ಕಿನ ವಿಷಯದಲ್ಲಿ ಮಾತ್ರ ಪುಸ್ತಕದ ಮಾತನ್ನು ಬಿಟ್ಟೆವು. ಹೋಮ್ ಪ್ಲೇಟ್‌ನಿಂದ ಸೆಕೆಂಡ್ ಬೇಸ್‌ನ ಕಡೆಗಿನ ಗೆರೆ ಪೂರ್ವ-ಈಶಾನ್ಯಕ್ಕೆ ಇರುವುದು ಒಳ್ಳೆಯದೆಂದು ಬೇಸ್‌ಬಾಲಿನ ನಿಯಮಾವಳಿ ಹೇಳುತ್ತದೆ. ಮಧ್ಯಾಹ್ನದ ಆಟಕ್ಕೆ ಅದು ಸರಿ, ಬೆಳಿಗ್ಗೆ ಒಂಬತ್ತಕ್ಕೆ ಆಡುವ ನಮಗೆ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಿದ್ದ. ಈಗ ಆ ಗೆರೆಯನ್ನು ಉತ್ತರಕ್ಕೆ ಇಡುತ್ತೇವೆ, ಮತ್ತು ಉದ್ಯಾನದಲ್ಲಿ ಉಯ್ಯಾಲೆಗಳಿರುವ ಕಡೆ ನಮ್ಮ ಬೆನ್ನಿಗೆ ಬರುವಂತೆ ನೋಡಿಕೊಳ್ಳುತ್ತೇವೆ.

ಒಂದೊಂದು ತಂಡಕ್ಕೆ ಒಂಬತ್ತು ಜನ ನಮಗೆ ಎಂದೂ ಸೇರಿಲ್ಲ. ಹನ್ನೊಂದು ಹನ್ನೆರಡು ಜನ ಬಂದರೆ ಹಬ್ಬ, ಶಾಲೆಗೆ ರಜೆಯ ದಿನಗಳಲ್ಲಿ ಏಳೇ ಜನ. ಮೂರು ಮೂರು ಹಂಚಿ ಉಳಿದ ಒಬ್ಬರನ್ನು ಬೆಂಗಳೂರಿನ ಗಲ್ಲಿ ಕ್ರಿಕೆಟ್ಟಿನಂತೆಯೇ ಜೋಕರ್ ಮಾಡುತ್ತೇವೆ, ಅವರು ಎರಡೂ ತಂಡಕ್ಕೆ ಬ್ಯಾಟ್ ಮಾಡುತ್ತಾರೆ. ಬೇಸ್‌ನಲ್ಲಿ ನಿಂತವರದೇ ಹೊಡೆಯುವ ಸರದಿ ಬಂದರೆ ಅವರ ಜಾಗದಲ್ಲಿ ಕಾಣದ ಓಟಗಾರನೊಬ್ಬ ನಿಂತಿದ್ದಾನೆಂದು ಲೆಕ್ಕ. ಅಮೆರಿಕದ ಮಕ್ಕಳು ಅವನನ್ನು ಗೋಸ್ಟ್ ರನ್ನರ್ ಎನ್ನುತ್ತಾರೆ, ನಮ್ಮ ಮನೆಯ ಮಕ್ಕಳು ದೆವ್ವ ಎನ್ನುತ್ತಾರೆ. ಹೊಡೆದವರು ಎಷ್ಟು ಬೇಸ್ ಓಡಿದರೋ ದೆವ್ವವೂ ಅಷ್ಟೇ ಓಡುತ್ತದೆ. ಫಸ್ಟ್ ಬೇಸ್ ಕಾಯಲು ಜನವಿಲ್ಲದಿದ್ದರೆ, ಹೊಡೆದವರು ಅಲ್ಲಿಗೆ ತಲುಪುವ ಮೊದಲು ಚೆಂಡು ಬಲೆಯ ಪಕ್ಕದ ಆಟಗಾರನ ಕೈ ಸೇರಿದರೆ ಔಟ್. ಬಲಗೈಯವರು ಹೊಡೆಯುವಾಗ ಬಲಬದಿಯ ದೂರದ ಮೈದಾನವನ್ನು ಮುಚ್ಚಿಬಿಡುತ್ತೇವೆ, ಅತ್ತ ಹೋದದ್ದು ಗೆರೆಯಾಚೆ ಬಿದ್ದಂತೆ, ಫೌಲ್. ಅತ್ತೆಯವರಿಗೆ ಮಂಡಿನೋವು, ಅವರು ಹೊಡೆಯುತ್ತಾರೆ, ಮೊಮ್ಮಗ ಬೈ-ರನ್ನರ್ ಆಗಿ ಪಕ್ಕದಿಂದ ಓಡುತ್ತಾನೆ.

ಕ್ರಿಕೆಟ್ ಆಡಿ ಬೆಳೆದವರು ಬಿಡಬೇಕಾದ ಅಭ್ಯಾಸಗಳಲ್ಲಿ ತೀರ ಕಷ್ಟದ್ದು, ಹೊಡೆದ ಮೇಲೆ ಚೆಂಡನ್ನು ನೋಡುತ್ತ ನಿಲ್ಲುವುದು. ಕ್ರಿಕೆಟ್ಟಿನಲ್ಲಿ ಓಡುವುದೂ ಬಿಡುವುದೂ ನಮ್ಮ ಇಷ್ಟ. ಇಲ್ಲಿ ಗೆರೆಯೊಳಗೆ ಬಿದ್ದ ಚೆಂಡಿಗೆ ಓಡಲೇಬೇಕು. ಭಾವನವರು ಒಂದು ಋತುವಿಡೀ ಬ್ಯಾಟು ಹಿಡಿದುಕೊಂಡೇ ಓಡಿದರು, ಫಸ್ಟ್ ಬೇಸ್‌ನಲ್ಲಿ ಬ್ಯಾಟು ನೆಲಕ್ಕೆ ಮುಟ್ಟಿಸಿದರು. ನನ್ನ ತಪ್ಪು ಇದಕ್ಕಿಂತ ದೊಡ್ಡದು: ಓಡುವ ಆತುರದಲ್ಲಿ ಬ್ಯಾಟನ್ನು ಹಿಂದಕ್ಕೆ ಬೀಸಿ ಎಸೆದೆ, ಅದು ತಮ್ಮನ ಮಗನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಉರುಳಿತು. ಅಂದಿನಿಂದ ಬ್ಯಾಟು ಎಸೆದವರು, ಚೆಂಡು ಎಲ್ಲಿಗೇ ಹೋಗಿರಲಿ, ಔಟ್. ಸರದಿ ಕಾಯುವವರೆಲ್ಲ ಹೋಮ್ ಪ್ಲೇಟ್‌ನಿಂದ ಹದಿನೈದು ಹೆಜ್ಜೆ ಹಿಂದಿಟ್ಟ ಚಾಪೆಯ ಮೇಲೆಯೇ ಇರಬೇಕು. ಈ ಎರಡು ನಿಯಮಗಳಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಕ್ರಿಕೆಟ್ಟಿನಿಂದ ಉಳಿಸಿಕೊಂಡದ್ದೂ ಉಂಟು. ಹತ್ತು ವರ್ಷದೊಳಗಿನವರು ಒನ್ ಪಿಚ್ ಕ್ಯಾಚ್ ಹಿಡಿದರೂ ಔಟ್ ಎಂದು ಇಟ್ಟಿದ್ದೇವೆ. ಇದೂ ಬೇಸ್‌ಬಾಲಿಗೆ ಹೊಸದಲ್ಲ. 1845ರ ನಿಯಮದಲ್ಲಿ ಒಮ್ಮೆ ಪುಟಿದ ಚೆಂಡನ್ನು ಹಿಡಿದರೂ ಔಟ್ ಇತ್ತು, ಗೆರೆಯೊಳಗೆ ಬಿದ್ದ ಚೆಂಡಿಗೆ ಆ ಪದ್ಧತಿ ಸುಮಾರು ಇಪ್ಪತ್ತು ವರ್ಷ ನಡೆದು 1865ರ ಹೊತ್ತಿಗೆ ನಿಂತಿತು. ಇನ್ನು ಫಸ್ಟ್ ಬೇಸ್ ಕಾಯುವುದರಲ್ಲಿ ನಮ್ಮೆಲ್ಲರಿಗಿಂತ ಮುಂದಿರುವವರು ಅತ್ತಿಗೆ. ಶಾಲೆಯ ದಿನಗಳಲ್ಲಿ ಟೆನಿಕಾಯ್ಟ್ ಆಡಿದವರು ಅವರು. ರಿಂಗನ್ನು ಒಂದೇ ಕೈಯಲ್ಲಿ ಹಿಡಿದು ಅದೇ ಕೈಯಲ್ಲಿ ಹಿಂದಿರುಗಿಸಿ ಪಳಗಿದ್ದರಿಂದ, ಕಾಲನ್ನು ಬೇಸ್‌ನ ಅಂಚಿಗೆ ಊರಿ ಮೈಯನ್ನು ಚೆಂಡಿನತ್ತ ಚಾಚುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮೊದಲ ಎರಡು ತಿಂಗಳು ಚಾಪೆಯ ಮೇಲೆ ಕುಳಿತೇ ಇದ್ದವರು ಇವರು.

ಅಪ್ಪ ಅಕ್ಟೋಬರಿನಲ್ಲಿ ಊರಿಗೆ ಮರಳಿದ ಮೇಲೆ ಆ ಚಳಿಗಾಲ ಮಳೆಯೂ ಸೇರಿ ಆಟ ನಿಂತಿತ್ತು. ಮಾರ್ಚಿನಲ್ಲಿ ಮತ್ತೆ ಮೈದಾನಕ್ಕೆ ಹೋದಾಗ ಪಿಚರ್ ಯಾರೆಂಬ ಚರ್ಚೆ ನಡೆಯಿತು. ನಾನು ಎಸೆದರೆ ಚೆಂಡು ಗೊತ್ತಿಲ್ಲದೆಯೇ ವೇಗವಾಗುತ್ತದೆ. ಭಾವನವರ ಕೈಯಲ್ಲಿ ಅದು ಆಫ್ ಸ್ಪಿನ್ ಆಗುತ್ತದೆ. ಕೊನೆಗೆ ಮಗಳು ನಿಂತಳು. ತಾತ ಎಸೆಯುತ್ತಿದ್ದುದನ್ನು ಆರು ತಿಂಗಳು ಬಲೆಯ ಪಕ್ಕದಲ್ಲಿಯೇ ನಿಂತು ನೋಡಿದವಳು ಅವಳು. ಅಷ್ಟು ದೂರಕ್ಕೆ ಅವಳ ತೋಳಿನ ಬಲ ಸಾಲದೆಂದು ಹೋಮ್ ಪ್ಲೇಟ್‌ನಿಂದ 30 ಅಡಿಗೆ ಬರುವಂತೆ ಹಗ್ಗದಲ್ಲಿ ಇನ್ನೊಂದು ಗಂಟು ಹಾಕಿದೆವು. ಅಪ್ಪ ಈ ಮೇ ತಿಂಗಳಿನಲ್ಲಿ ಮತ್ತೆ ಬಂದಿದ್ದಾರೆ. ಎರಡು ಗಂಟುಗಳೂ ಹಾಗೆಯೇ ಇವೆ, ಅವರಿಬ್ಬರೂ ಇನ್ನಿಂಗ್ಸ್ ಬಿಟ್ಟು ಇನ್ನಿಂಗ್ಸ್ ಎಸೆಯುತ್ತಾರೆ.